ಒಂದು ಕಿಲೋ ಉಪ್ಪಿನ ಪಾಕೀಟು ಎಷ್ಟು ದಿನ ಬರಬೇಕು?

ಕೊಪ್ಪಳ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ,

ಮಾನ್ಯರೇ,

ಗಂಗಾವತಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನದು ಕಿರಾಣಿ ಅಂಗಡಿ. ಉಪ್ಪು ಮಾರುವವನೇ ಉಪ್ಪಿನ ಮೇಲೆ ದೂರು ಬರೆದಿದ್ದಾನೆ ಎಂದು ನಗಬೇಡಿ. ಉಪ್ಪಿನಲ್ಲಿ ನನಗೆ ಉಳಿಯುವ ಲಾಭ ಅಷ್ಟಕ್ಕಷ್ಟೇ.

ಹೋದ ವರ್ಷ ನನಗೆ ಬಿ.ಪಿ. ಇರುವುದು ಗೊತ್ತಾಯಿತು. ಮಾತ್ರೆ ಬರೆದುಕೊಟ್ಟ ವೈದ್ಯರು ಚೀಟಿಯಿಂದ ತಲೆ ಎತ್ತದೆ ‘ಉಪ್ಪು ಕಡಿಮೆ ಮಾಡಿ’ ಎಂದರು. ‘ಎಷ್ಟು ಸರ್?’ ಎಂದೆ. ‘ಆದಷ್ಟು’ ಎಂದರು. ಅಷ್ಟರಲ್ಲಿ ಮುಂದಿನವರು ಒಳಗೆ ಬಂದಾಗಿತ್ತು. ಹಗಲೆಲ್ಲ ತಕ್ಕಡಿ ಹಿಡಿಯುವ ನನಗೆ ‘ಆದಷ್ಟು’ ಎಂಬ ಅಳತೆ ತಲೆಗೆ ಹತ್ತಲಿಲ್ಲ. ಮನೆಗೆ ಬಂದವನೇ ಉದ್ದರಿ ಪುಸ್ತಕ ತೆರೆದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅದು ಹೆಚ್ಚೆಂದರೆ ಒಂದು ಚಹಾ ಚಮಚ. ಐದು ಮಂದಿಯ ಮನೆಗೆ 25 ಗ್ರಾಂ. ಕಿಲೋ ಪಾಕೀಟು 40 ದಿನ ಬರಬೇಕು. ನನ್ನ ಪುಸ್ತಕದಲ್ಲಿ ಅಂಥ ಮನೆಗಳು 20-25 ದಿನಕ್ಕೊಂದು ಪಾಕೀಟು ಬರೆಸಿವೆ. ನಮ್ಮ ಮನೆಯದೇ 18 ದಿನ! ಬೇಸಿಗೆಯ ಉಪ್ಪಿನಕಾಯಿಗೆ ಒಯ್ಯುವ ಕಲ್ಲುಪ್ಪು ಬೇರೆ, ಸಂಜೆಯ ವಗ್ಗರಣಿ-ಮಿರ್ಚಿ ಬೇರೆ, ಮಕ್ಕಳು ಐದು ರೂಪಾಯಿಗೆ ಒಯ್ಯುವ ಚಿಪ್ಸ್ ಬೇರೆ. ಅವನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಇದನ್ನು ಗಿರಾಕಿಗಳಿಗೆ ಹೇಳಿ ನೋಡಿದೆ. ‘ಉಪ್ಪಿಗಿಂತ ರುಚಿಯಿಲ್ಲ’ ಎಂಬ ಗಾದೆ ಬಂತು. ಬಿಸಿಲಲ್ಲಿ ಭತ್ತ ನಾಟುವವರಿಗೆ ಉಪ್ಪು ಬೇಡವೇ ಎಂಬ ಪ್ರಶ್ನೆಯೂ ಬಂತು. ಬೆವರಿನಲ್ಲಿ ಉಪ್ಪು ಹೋಗುವುದು ನಿಜ. ಆದರೆ ನಾವು ತಿನ್ನುವ ಸಾರು, ಚಟ್ನಿ, ಉಪ್ಪಿನಕಾಯಿಯಲ್ಲೇ ಅದು ಸಾಮಾನ್ಯವಾಗಿ ತುಂಬಿಬರುತ್ತದೆ. ಇನ್ನು ಪೇಟೆಯಿಂದ ಸೈಂಧವ ಲವಣ ತರಿಸುವವರದು ಬೇರೆಯೇ ಕಥೆ. ಬಣ್ಣ ಗುಲಾಬಿಯಾದರೇನು, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ; ಅಯೋಡಿನ್ ಸಿಗದಿರುವ ನಷ್ಟ ಮೇಲಿಂದ.

ಗದ್ದೆ ಸವುಳಾದರೆ ನಮ್ಮವರು ಮಣ್ಣನ್ನು ಪರೀಕ್ಷೆಗೆ ಒಯ್ಯುತ್ತಾರೆ. ತುಂಗಭದ್ರಾ ಅಚ್ಚುಕಟ್ಟಿನ ಉಪ್ಪಿನ ಮೇಲೆ ಸಂಶೋಧನೆ ನಡೆಸುವ ಕೃಷಿ ಕೇಂದ್ರ ಗಂಗಾವತಿಯಲ್ಲೇ ಇದೆ. ಪೊಟ್ಯಾಷ್ ಎಂದರೆ ಏನೆಂದು ಇಲ್ಲಿನ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಅದೇ ಪೊಟ್ಯಾಸಿಯಂ ದಿನಕ್ಕೆ ಮೂರೂವರೆ ಗ್ರಾಂನಷ್ಟಾದರೂ ತನ್ನ ಹೊಟ್ಟೆಗೂ ಬೇಕು, ಹೆಚ್ಚಾದ ಸೋಡಿಯಂ ಅನ್ನು ಮೂತ್ರಪಿಂಡ ಹೊರಹಾಕಲು ಅದು ನೆರವಾಗುತ್ತದೆ ಎಂದು ಮಾತ್ರ ಅವನಿಗೆ ಯಾರೂ ಹೇಳಿಲ್ಲ. (ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ ಎಂದೂ ಹೇಳಬೇಕು, ನಮ್ಮೂರಿನವರನ್ನು ನಂಬುವಂತಿಲ್ಲ.) ಕಾಳಿನ ಪಲ್ಯ, ಸೊಪ್ಪು, ಬಾಳೆಹಣ್ಣು, ಮೊಸರಿನಲ್ಲಿ ಅದು ಇದೆ. ಜೋಳದಲ್ಲಿ ಪಾಲಿಶ್ ಮಾಡಿದ ಅಕ್ಕಿಗಿಂತ ಬಹಳ ಹೆಚ್ಚು. ನನ್ನ ಅಜ್ಜಿ ರೊಟ್ಟಿಯ ಜೊತೆ ಹಸಿ ಹಕ್ಕರಕಿ ಸೊಪ್ಪು ಅಗಿಯುತ್ತಿದ್ದಳು. ಈಗ ಸೋನಾ ಮಸೂರಿ ಅನ್ನ, ಬದಿಯಲ್ಲಿ ಉಪ್ಪಿನಕಾಯಿ.

ಸೋಡಿಯಂ ಕಡಿಮೆ ಇರುವ ಉಪ್ಪು ಈಗ ಮಾರುಕಟ್ಟೆಗೆ ಬಂದಿದೆ. ಅದರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್. ಚೀನಾದ 600 ಹಳ್ಳಿಗಳಲ್ಲಿ, ಮೊದಲೇ ಪಾರ್ಶ್ವವಾಯು ಆಗಿದ್ದವರು ಮತ್ತು ಬಿ.ಪಿ. ಇದ್ದ ವಯಸ್ಸಾದವರು ಸೇರಿ ಸುಮಾರು 21 ಸಾವಿರ ಮಂದಿಯ ಮೇಲೆ ಇಂಥ ಉಪ್ಪನ್ನು ಪರೀಕ್ಷಿಸಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಗಿತ್ತು. ಓದಿ ಖುಷಿಯಾಗಿ ಹತ್ತು ಪಾಕೀಟು ತರಿಸಿದೆ. ಬೆಲೆ ನೋಡಿ ಹೆಚ್ಚಿನವರು ವಾಪಸ್ ಇಟ್ಟರು. ನಾಲ್ಕು ಖರ್ಚಾದವು. ಐದನೆಯದನ್ನು ಕೈಗೆತ್ತಿಕೊಂಡ ಹೆಣ್ಣುಮಗಳು, ‘ಅಣ್ಣಾ, ನಮ್ಮ ಮಾವನವರಿಗೆ ಕಿಡ್ನಿ ತೊಂದರೆ ಇದೆ, ಇದನ್ನು ಹಾಕಬಹುದಾ?’ ಎಂದು ಕೇಳಿದಳು. ಪಾಕೀಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷ್ ಎಚ್ಚರಿಕೆ ಇತ್ತು. ಕನ್ನಡಕ ಹಾಕಿಕೊಂಡು ಓದಿ, ಅವಳ ಕೈಯಿಂದ ಪಾಕೀಟು ವಾಪಸ್ ಪಡೆದೆ. ಮೂತ್ರಪಿಂಡ ಸೋತವರಲ್ಲಿ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯಕ್ಕೆ ಅಪಾಯ ತರಬಹುದು. ಬಿ.ಪಿ.ಯ ಕೆಲವು ಮಾತ್ರೆಗಳೂ ಅದನ್ನು ಏರಿಸುತ್ತವೆ. ಅವಳು ಕೇಳದೇ ಹೋಗಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಮನೆಗೆ ಬಂದು ಬಿ.ಪಿ. ನೋಡುವ ಆರೋಗ್ಯ ಸಿಬ್ಬಂದಿ ‘ಉಪ್ಪಿನ ಪಾಕೀಟು ಎಷ್ಟು ದಿನ ಬಂತು, ಮನೆಯಲ್ಲಿ ಎಷ್ಟು ಮಂದಿ’ ಎಂದೂ ಕೇಳಿ ಬರೆದುಕೊಳ್ಳಲಿ. ಅದಕ್ಕೆ ಯಂತ್ರ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ರೋಗಿಯ ಚೀಟಿಯ ಮೇಲೆ ಪೊಟ್ಯಾಸಿಯಂ ಉಪ್ಪು ‘ಆಗಬಹುದು’ ಅಥವಾ ‘ಬೇಡ’ ಎಂದು ಕನ್ನಡದಲ್ಲಿ ಬರೆದುಕೊಡಲಿ. ಅಕ್ಷರ ದಾಸೋಹದ ಅಡುಗೆಯವರಿಗೆ ಅಳತೆಯ ಚಮಚ ಕೊಡಿಸಿ, ಹಿಡಿ ಅಳತೆ ನಿಲ್ಲಲಿ. ಆದರೆ ಉತ್ಸಾಹದಲ್ಲಿ ಈ ಹೊಸ ಉಪ್ಪನ್ನು ಮಾತ್ರ ಶಾಲೆಗೆ ಕಳಿಸಬೇಡಿ. ಇಂಥ ಉಪ್ಪು ಬಳಸಬಹುದೆಂದು 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಶಿಫಾರಸು ಮಕ್ಕಳಿಗೂ ಗರ್ಭಿಣಿಯರಿಗೂ ಅನ್ವಯಿಸುವುದಿಲ್ಲ.

ಆರು ಪಾಕೀಟು ಇನ್ನೂ ನನ್ನ ಕಪಾಟಿನಲ್ಲಿವೆ. ಯಾರಿಗೆ ಕೊಡಲಿ ಎಂದು ನಿಮ್ಮ ಕಚೇರಿಯಿಂದ ಉತ್ತರ ಬರುವವರೆಗೆ ಅವನ್ನು ಮಾರುವುದಿಲ್ಲ.

ಇಂತಿ,
ಗಂಗಾವತಿ ತಾಲ್ಲೂಕಿನ ಒಬ್ಬ ಕಿರಾಣಿ ವ್ಯಾಪಾರಿ