ಗುಂಡಮ್ಮನ ಪರವಾಗಿ ಎಲ್ಲರಿಗೂ ಥ್ಯಾಂಕ್ಸ್

ನಮ್ಮ ಮನೆಯಲ್ಲಿದ್ದ ಮೊಲ ಗುಂಡಮ್ಮ ನಂಜನಗೂಡಿನ ಮನೆ ಸೇರಿ ನಿನ್ನೆಗೆ ಒಂದು ವರ್ಷ. ಬೆಳಿಗ್ಗೆ ಅಲ್ಲಿಂದ ಫೋಟೊ ಬಂತು. ಚಾಪೆ ಮೇಲೆ ಹಿಂಗಾಲು ಚಾಚಿಕೊಂಡು, ಮದುವೆ ಊಟ ಮುಗಿಸಿದ ಬೀಗರ ಹಾಗೆ ಮಲಗಿದ್ದಾಳೆ. ತೂಕ 1.9 ಕೆಜಿ ಅಂತೆ. ನಮ್ಮ ಮನೆಗೆ ಬಂದ ದಿನ 1.1 ಕೆಜಿ ಇದ್ದಳು. ಈ 800 ಗ್ರಾಂ ಹಿಂದೆ ಎಷ್ಟು ಜನ ಇದ್ದೀರಿ ಅಂತ ಬರೆಯಬೇಕು ಅಂದುಕೊಂಡೇ ವರ್ಷ ಕಳೆಯಿತು. ಕ್ಷಮಿಸಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹೋದ ವರ್ಷ ಮಾರ್ಚ್‌ನಲ್ಲಿ, ಮೈಸೂರಿನ ನಮ್ಮ ಬೀದಿಯಲ್ಲಿ ಎದುರುಮನೆಯ ಬಾಡಿಗೆಯವರು ಮನೆ ಖಾಲಿ ಮಾಡಿದರು. ಎಲ್ಲಾ ಸಾಮಾನು ಲಾರಿ ಹತ್ತಿತು. ಟೆರೇಸ್ ಮೇಲೆ ಶೀಟಿನ ಕೆಳಗೆ ಒಂದು ತಂತಿ ಪಂಜರ ಮಾತ್ರ ಉಳಿಯಿತು. ಒಳಗೆ ಬಿಳಿ ಮೊಲ. ಪಂಜರಕ್ಕೆ ನೋಟ್‌ಬುಕ್ ಹಾಳೆಯೊಂದನ್ನು ಸಿಕ್ಕಿಸಿದ್ದರು. ಮಗುವಿನ ದುಂಡು ಅಕ್ಷರ: ‘ಇದಕ್ಕೆ ಕೊತ್ತಂಬರಿ ಸೊಪ್ಪು ಇಷ್ಟ.’ ಅಷ್ಟೇ.

ಮನೆ ಓನರ್ ನನ್ನನ್ನು ಕರೆದು, “ಯಾರೂ ತಗೊಳ್ದಿದ್ರೆ ಕುಕ್ಕರಹಳ್ಳಿ ಕೆರೆ ಹತ್ರ ಬಿಟ್ಬಿಡ್ತೀನಿ ಮೇಡಂ. ಮೊಲ ತಾನೆ, ಹೆಂಗೋ ಬದುಕ್ಕೊಳ್ಳುತ್ತೆ” ಅಂದರು. ಸುಳ್ಳು ಯಾಕೆ ಹೇಳಲಿ, ನನಗೂ ಅದು ಸರಿ ಅನ್ನಿಸಿತು. ತಡೆದವರು ನಮ್ಮ ಬೀದಿಯ ರಿಟೈರ್ಡ್ ಬಯಾಲಜಿ ಮೇಷ್ಟ್ರು. ಮೊದಲ ನಮಸ್ಕಾರ ಅವರಿಗೇ. ವಾಕಿಂಗ್‌ಗೆ ಹೊರಟವರು ಗೇಟಿನ ಮುಂದೆ ನಿಂತು ಅರ್ಧ ಗಂಟೆ ಪಾಠ ಮಾಡಿದರು. ನಮ್ಮ ಹೊಲದ ಬದುಗಳಲ್ಲಿ ಓಡುವ ಕಂದು ಮೊಲವೇ ಬೇರೆ, ಇದೇ ಬೇರೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ಬಿಟ್ಟಿರುತ್ತದೆ. ಇದರ ಮರಿ ಬೋಳುಮೈ, ಮುಚ್ಚಿದ ಕಣ್ಣು. ಇದರ ಮೂಲ ಯುರೋಪು, ತಲೆತಲಾಂತರದಿಂದ ಮನುಷ್ಯರ ಕೈಯಲ್ಲೇ ಬೆಳೆದದ್ದು. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತಲೇ ಹೆಸರು, ತಾಪತ್ರಯ ಅಲ್ಲೇ ಶುರು. “ಬೆಳ್ಳಗೆ ಕೆರೆ ಏರಿ ಮೇಲೆ ಕೂತ್ರೆ ನಾಯಿಗಳ ಕಣ್ಣಿಗೆ ಟ್ಯೂಬ್‌ಲೈಟ್ ಇದ್ದ ಹಾಗೆ ಕಾಣುತ್ತಮ್ಮ” ಅಂದರು. ಸಾಕಿದ ಪ್ರಾಣಿಯನ್ನು ಹೀಗೆ ಉಪವಾಸ ಸಾಯಲು ಬಿಟ್ಟುಹೋದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಅಂತಲೂ ಹೇಳಿದರು. ಓನರ್ ಮುಖ ಸ್ವಲ್ಪ ಸಣ್ಣಗಾಯಿತು. ಪಂಜರ ನಮ್ಮ ಮನೆಗೆ ಬಂತು.

ಬಂದ ಮೇಲೆ ಅದನ್ನು ಹೆಚ್ಚುಕಮ್ಮಿ ಸಾಯಿಸಿದವಳು ನಾನೇ. ಗುಂಡಣ್ಣ ಅಂತ ಹೆಸರಿಟ್ಟೆ. ದಿನಾ ಎರಡು ಕ್ಯಾರೆಟ್, ಒಂದು ಬ್ರೆಡ್ಡು ಕೊಟ್ಟೆ. ಹೊಲಸಾಗಿದೆ ಅಂತ ಶಾಂಪೂ ಹಾಕಿ ಸ್ನಾನ ಬೇರೆ ಮಾಡಿಸಿದೆ! ಅತ್ತೆ ಬೇಡ ಅಂದರು. “ಮೊಲಕ್ಕೆ ಕ್ಯಾರೆಟ್ ಅಲ್ದೆ ಇನ್ನೇನು ಹಾಕ್ತಾರೆ ಅತ್ತೆ” ಅಂತ ಅವರ ಬಾಯಿ ಮುಚ್ಚಿಸಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಾದೆಯನ್ನು ನಮ್ಮ ಯಜಮಾನರು ಆ ವಾರ ಕಡಿಮೆ ಅಂದರೂ ಹತ್ತು ಸಲ ಹೇಳಿರಬೇಕು.

ಒಂಬತ್ತನೇ ದಿನ ಬೆಳಿಗ್ಗೆ ಅದು ಮೂಲೆಯಲ್ಲಿ ಮುದುರಿ ಕೂತಿತ್ತು. ರಾತ್ರಿ ಇಟ್ಟ ಸೊಪ್ಪು ಹಾಗೇ ಇತ್ತು. ಹಿಕ್ಕೆ ಒಂದೂ ಇಲ್ಲ. ಮೊಲ ನೋವಾದರೆ ನಾಯಿ ಹಾಗೆ ಕುಂಯ್‌ಗುಡುವುದಿಲ್ಲ, ಸುಮ್ನೆ ಕೂತುಬಿಡುತ್ತದೆ. ಮನೆಯಲ್ಲಿ ಮಗಳಿಗೆ ಬರೆದುಕೊಟ್ಟಿದ್ದ ಅಮಾಕ್ಸಿಸಿಲಿನ್ ಸಿರಪ್ ಇತ್ತು. ಎರಡು ಹನಿ ಹಾಕೋಣ ಅಂತ ಬಾಟಲಿ ಕೈಗೆ ತಗೊಂಡಿದ್ದೆ. ಅದಕ್ಕೆ ಮೊದಲು ಒಂದು ಮಾತು ಕೇಳೋಣ ಅಂತ ನಮ್ಮ ಏರಿಯಾದ ಪಶು ವೈದ್ಯರಿಗೆ ಫೋನ್ ಮಾಡಿದ್ದು ಪುಣ್ಯ. ಅವರು ಒಂದೇ ಉಸಿರಿಗೆ, “ಕೊಡಬೇಡಿ. ಮೊಲದ ಬಾಯಿಗೆ ಆ ಔಷಧ ಹಾಕಿದ್ರೆ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಜೀವಕ್ಕೇ ಕುತ್ತು. ನಾನು ಹಸು, ನಾಯಿ ನೋಡೋನು. ಮೊಲ ನೋಡುವವರ ನಂಬರ್ ಕಳಿಸ್ತೀನಿ, ಈಗಲೇ ಹೊರಡಿ” ಅಂದರು. ಗೊತ್ತಿಲ್ಲ ಅಂತ ಇಷ್ಟು ನೇರವಾಗಿ ಹೇಳಿದ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು. ಸಾರ್, ನೀವು ಒಂದು ರೂಪಾಯಿಯನ್ನೂ ತಗೊಳ್ಳಲಿಲ್ಲ. ಅದು ನನಗೆ ನೆನಪಿದೆ.

ಆ ಇನ್ನೊಬ್ಬ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಕರುಳು ನಿಂತುಹೋಗಿದೆ ಅಂದರು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ನಾರಿನ ಮೇವು ಒಂದೇ ಸಮನೆ ಒಳಗೆ ಹೋಗುತ್ತಿದ್ದರೆ ಮಾತ್ರ ಅದರ ಕರುಳು ಓಡುತ್ತದೆ. ಅರ್ಧ ದಿನ ಏನೂ ತಿನ್ನಲಿಲ್ಲ ಅಂದರೆ ಕಾಯುತ್ತಾ ಕೂರಬಾರದಂತೆ. ಚರ್ಮದ ಕೆಳಗೆ ಗ್ಲೂಕೋಸ್ ನೀರಿನಂಥದ್ದು ಹಾಕಿದರು, ನೋವಿಗೆ ಇಂಜೆಕ್ಷನ್ ಕೊಟ್ಟರು. ಹಲ್ಲು ನೋಡಿದರು. ಅದರ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಜಗಿದೇ ಸವೆಯಬೇಕು ಅಂತ ಆಗ ಗೊತ್ತಾಯಿತು. ಕೊನೆಗೆ ತಿರುಗಿಸಿ ನೋಡಿ ನಕ್ಕರು. “ಇದು ಗುಂಡಣ್ಣ ಅಲ್ಲ ರೀ, ಗುಂಡಮ್ಮ.”

ಆಟೊದವರು ಹೊರಗೆ ಎರಡು ಗಂಟೆ ಕಾದಿದ್ದರು. ವೇಟಿಂಗ್ ಚಾರ್ಜ್ ಕೇಳಲೇ ಇಲ್ಲ. “ಮೊಲ ಏನಾಯ್ತಕ್ಕ?” ಅಂತಷ್ಟೇ ಕೇಳಿದರು. ಅಣ್ಣ, ನಿಮ್ಮ ನಂಬರ್ ಕಳೆದುಕೊಂಡೆ. ಇದು ಕಣ್ಣಿಗೆ ಬಿದ್ದರೆ ಮನೆಗೆ ಬನ್ನಿ, ಕಾಫಿ ಬಾಕಿ ಇದೆ.

ಮುಂದಿನ ಮೂರು ದಿನ ಪಕ್ಕದ್ಮನೆ ಆಂಟಿಯದು. ಮೂವತ್ತು ವರ್ಷ ನರ್ಸ್ ಆಗಿದ್ದವರು. ನನಗೆ ಸಿರಿಂಜ್ ಹಿಡಿದರೆ ಕೈ ನಡುಗುತ್ತದೆ. ಅವರು ಟವಲ್‌ನಲ್ಲಿ ಬಾಣಂತಿ ಕೂಸಿನ ಹಾಗೆ ಸುತ್ತಿ, ಬಾಯಿಯ ಪಕ್ಕದಿಂದ ಅರೆದ ಮೇವನ್ನು ಸ್ವಲ್ಪಸ್ವಲ್ಪವೇ ಹಾಕುತ್ತಿದ್ದರು. ರಾತ್ರಿ ಎರಡು ಗಂಟೆಗೂ ಬಂದರು. ಮೂರನೇ ದಿನ ಬೆಳಗಿನ ಜಾವ ಪೇಪರ್ ಮೇಲೆ ನಾಲ್ಕು ಹಿಕ್ಕೆ! ಆಂಟಿ, ನಾವಿಬ್ಬರೂ ಅದನ್ನು ನೋಡಿ ಕುಣಿದದ್ದನ್ನು ಯಾರಿಗೂ ಹೇಳಬೇಡಿ ಅಂದಿದ್ದಿರಿ. ಹೇಳಿಬಿಟ್ಟೆ.

ಮೇವಿನ ಚಿಂತೆ ನೀಗಿಸಿದ್ದು ದೇವರಾಜ ಮಾರ್ಕೆಟ್‌ನ ಹೂವಿನಕ್ಕ. ಪ್ಯಾಕೆಟ್‌ನಲ್ಲಿ ಬರುವ ವಿದೇಶಿ ಒಣಹುಲ್ಲು ದುಬಾರಿ. ಭತ್ತದ ಹುಲ್ಲಿನಲ್ಲಿ ಸತ್ವ ಸಾಲದು. ಗರಿಕೆ ಆಗುತ್ತದೆ ಅಂತ ಡಾಕ್ಟರ್ ಹೇಳಿದ್ದೇ ತಡ, ಈ ಅಕ್ಕ ದಿನಾ ಮಿಕ್ಕ ಕಟ್ಟುಗಳನ್ನು ಎತ್ತಿಡಲು ಶುರು ಮಾಡಿದರು. ತೊಳೆದು, ನೆರಳಲ್ಲಿ ಆರಿಸಿ ಹಾಕುತ್ತಿದ್ದೆ. ಸಂಕಷ್ಟಿ ದಿನ ಮಾತ್ರ ಗಣಪತಿಗೂ ಗುಂಡಮ್ಮನಿಗೂ ಪೈಪೋಟಿ.

ಅತ್ತೆಗೂ ಇಲ್ಲೇ ಒಂದು ಮಾತು. ಉಬ್ಬಸ ಇದ್ದರೂ ಹನ್ನೊಂದು ವಾರ ಆ ಹುಲ್ಲಿನ ಧೂಳು ಸಹಿಸಿಕೊಂಡರು. ಏಪ್ರಿಲ್ ಬಿಸಿಲಲ್ಲಿ ಫ್ರೀಜರ್‌ನಲ್ಲಿಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿ ಇಡುತ್ತಿದ್ದವರೂ ಅವರೇ. ಮೊಲ ಬೆವರುವುದಿಲ್ಲ, ಮೈ ಬಿಸಿ ಕಿವಿಯಿಂದಲೇ ಹೊರಹೋಗಬೇಕು. ಒಂದು ದಿನ ಮಾತ್ರ “ಥೂ, ತನ್ನದನ್ನ ತಾನೇ ತಿಂತಿದೆ ಕಣೇ!” ಅಂತ ಕೂಗಿಕೊಂಡರು. ಅದೂ ಸರಿಯೇ ಅಂತೆ. ಮೆತ್ತಗಿನ ಇನ್ನೊಂದು ಥರದ ಹಿಕ್ಕೆ ಬರುತ್ತದೆ, ಅದನ್ನು ತಿಂದರೇ ಅದಕ್ಕೆ ಪೂರ್ತಿ ಸತ್ವ ಸಿಗುವುದು. ಅತ್ತೆ ಇವತ್ತಿಗೂ ಇದನ್ನು ಒಪ್ಪಿಲ್ಲ.

ಅವರ ಉಬ್ಬಸ ಜಾಸ್ತಿ ಆದ ಮೇಲೆ ಬೇರೆ ಮನೆ ಹುಡುಕಲೇಬೇಕಾಯಿತು. ಫೋನ್ ಮಾಡಿದವರಲ್ಲಿ ಒಬ್ಬರು, “ಸಾಕೋಕೋ, ಸಾರಿಗೋ?” ಅಂದರು. ತಮಾಷೆಯೇ ಇರಬೇಕು, ನನಗೆ ನಗು ಬರಲಿಲ್ಲ. ಇನ್ನೊಬ್ಬರಿಗೆ ಬರ್ತ್‌ಡೇ ಗಿಫ್ಟ್ ಬೇಕಿತ್ತು. ಮತ್ತೊಬ್ಬರ ಮನೆಯಲ್ಲಿ ಗಂಡು ಮೊಲ ಇತ್ತು. ತಿಂಗಳಿಗೇ ಮರಿ ಹಾಕುವ ಜಾತಿ ಇದು, ಆ ಲೆಕ್ಕ ಹಾಕಿಯೇ ಬೇಡ ಅಂದೆ.

ನಂಜನಗೂಡಿನ ಟೀಚರ್ ದಂಪತಿ ಮಾತ್ರ ನನಗಿಂತ ಜಾಸ್ತಿ ಪ್ರಶ್ನೆ ಕೇಳಿದರು. ಅವರ ಹಿಂದಿನ ಮೊಲ ಒಂಬತ್ತು ವರ್ಷ ಬದುಕಿತ್ತು. ಪಂಜರ ಬೇಡವೇ ಬೇಡ, ತಂತಿ ಮೇಲೆ ಕೂತು ಪಾದ ಹುಣ್ಣಾಗುತ್ತದೆ ಅಂದರು. ಒಂದು ರೂಮನ್ನೇ ಬಿಟ್ಟುಕೊಟ್ಟರು. ವಯಸ್ಸಾದಂತೆ ಹೆಣ್ಣು ಮೊಲಕ್ಕೆ ಗರ್ಭಕೋಶದ ಕ್ಯಾನ್ಸರ್ ಬರುವುದು ಹೆಚ್ಚು ಅಂತ ಆಪರೇಷನ್ ಕೂಡ ತಮ್ಮ ಖರ್ಚಲ್ಲೇ ಮಾಡಿಸಿದರು. ನಿಮಗೆ ಏನಂತ ಹೇಳಲಿ, ಗೊತ್ತಾಗುತ್ತಿಲ್ಲ.

ಎದುರುಮನೆಯಲ್ಲಿದ್ದ ಪುಟ್ಟನಿಗೂ ಥ್ಯಾಂಕ್ಸ್. ನಿನ್ನ ಮೇಲೆ ಯಾರಿಗೂ ಕೋಪ ಇಲ್ಲ ಮರಿ. ಕಾಯಿಲೆ ಬಿಟ್ಟು ಎದ್ದ ದಿನ ಅವಳು ತಾನಾಗೇ ಬಾಯಿ ಹಾಕಿದ್ದು ನೀನು ಬರೆದಿಟ್ಟಿದ್ದ ಕೊತ್ತಂಬರಿಗೇ. ನಿನ್ನ ಚೀಟಿಯನ್ನು ಅವಳ ಜೊತೆ ನಂಜನಗೂಡಿಗೆ ಕಳಿಸಿದ್ದೇನೆ.

ಆಂಟಿ, ನಿಮ್ಮ ಹಳದಿ ಟವಲ್ ಇನ್ನೂ ನಮ್ಮ ಮನೆಯಲ್ಲೇ ಇದೆ. ಭಾನುವಾರ ತಂದುಕೊಡುತ್ತೇನೆ. ಒಂದು ತುದಿ ಇಲ್ಲ, ಬೈಬೇಡಿ.