ಐವತ್ತು ತಪ್ಪುಗಳ ಲೆಕ್ಕ: ಮಗಳಿಗೊಂದು ಪತ್ರ

ಅರಸೀಕೆರೆ
ಜುಲೈ 2025

ಪ್ರೀತಿಯ ಪುಟ್ಟಿ,

ನಿಮ್ಮ ಹಾಸ್ಟೆಲಿನಲ್ಲಿ ಭಾನುವಾರ ಬಿಟ್ಟರೆ ಫೋನ್ ಕೊಡುವುದಿಲ್ಲ. ಕೊಟ್ಟಾಗಲೂ ಹಿಂದೆ ಹತ್ತು ಹುಡುಗಿಯರು ಸಾಲು ನಿಂತಿರುತ್ತಾರೆ. ನಾನು ಹೇಳಬೇಕಾದದ್ದು ಅಷ್ಟು ಹೊತ್ತಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಕಾಗದ. ಜೊತೆಗೆ ನಿನ್ನ ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನ ಪ್ರಶ್ನೆಪತ್ರಿಕೆಯ ಜೆರಾಕ್ಸ್ ಇಟ್ಟಿದ್ದೇನೆ. ಮೂಲ ಪ್ರತಿ ನನ್ನ ಬೀರುವಿನಲ್ಲಿದೆ. ಫಲಿತಾಂಶ ಬಂದ ದಿನ ಅದನ್ನು ಒಲೆಗೆ ಹಾಕುತ್ತೇನೆಂದು ನೀನು ಹೇಳಿದ್ದೆಯಲ್ಲ, ಹಾಗಾಗಿ ಅದು ನಿನ್ನ ಕೈಗೆ ಸದ್ಯಕ್ಕೆ ಬೇಡ.

720ಕ್ಕೆ 406. ಈ ಅಂಕಿಯನ್ನು ಅವರವರು ತಮಗೆ ತೋಚಿದಂತೆ ಓದುತ್ತಿದ್ದಾರೆ. "ಕ್ವಾಲಿಫೈ ಆಗಿದ್ದಾಳಲ್ಲ, ಮತ್ತೇನು" ಎನ್ನುತ್ತಾರೆ ನಿನ್ನ ದೊಡ್ಡಮ್ಮ. ಸಾಮಾನ್ಯ ವರ್ಗಕ್ಕೆ ಈ ಸಲದ ಅರ್ಹತಾ ಅಂಕ 144. ಎಲ್ಲ ವರ್ಗ ಸೇರಿ ಅರ್ಹರಾದವರೇ ದೇಶದಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು. ಸೀಟು ಹಂಚುವ ಕೌನ್ಸೆಲಿಂಗಿಗೆ ಹೆಸರು ಕೊಡಬಹುದು ಎನ್ನುವುದಷ್ಟೇ ಅದರ ಅರ್ಥ. ಎದುರು ಮನೆಯವರದು ಇನ್ನೊಂದು ರಾಗ. ಅವರ ಹುಡುಗ 2024ರಲ್ಲಿ ಎಷ್ಟು ತೆಗೆದಿದ್ದ ಎಂಬುದು ನನಗೀಗ ಬಾಯಿಪಾಠವಾಗಿದೆ. ಆ ವರ್ಷ ಮೊದಲು ಪ್ರಕಟವಾದ ಪಟ್ಟಿಯಲ್ಲಿ 67 ಜನರಿಗೆ 720ಕ್ಕೆ 720 ಬಂದಿತ್ತು, ಪರಿಷ್ಕರಿಸಿದ ಮೇಲೂ 17 ಜನ ಉಳಿದರು. ಈ ವರ್ಷ ದೇಶಕ್ಕೇ ಮೊದಲು ಬಂದವನ ಅಂಕ 686. ಭೌತಶಾಸ್ತ್ರ ಎಲ್ಲರನ್ನೂ ಒಂದೇ ಸಮ ಅರೆದ ವರ್ಷ ಇದು. ಸೀಟು ಸಿಗುವುದು ರ‍್ಯಾಂಕಿನ ಮೇಲೆ. ಹೋದ ವರ್ಷದ ಅಂಕ ತಂದು ಈ ವರ್ಷದ್ದನ್ನು ಅಳೆದರೆ ಏನೂ ತಿಳಿಯುವುದಿಲ್ಲ. ಹಾಗೆಂದು 406 ಸಾಕು ಎಂದು ಸಮಾಧಾನ ಹೇಳುವ ಉದ್ದೇಶ ನನಗಿಲ್ಲ. ನಮ್ಮ ವರ್ಗದಲ್ಲಿ ಸರಕಾರಿ ಸೀಟಿಗೆ ಅದು ಸಾಲದು. ಖಾಸಗಿ ಮ್ಯಾನೇಜ್‌ಮೆಂಟ್ ಸೀಟಿಗೆ ನಮ್ಮ ಹತ್ತಿರ ಹಣವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ದಿನದ ವ್ಯವಹಾರವನ್ನೆಲ್ಲ ಮೊದಲಿನಿಂದ ಕೂಡಲು ಕೂರುವುದಿಲ್ಲ. ಮೊದಲು ವ್ಯತ್ಯಾಸ ಎಷ್ಟೆಂದು ನೋಡುತ್ತೇವೆ. ಅದು ಒಂಬತ್ತರಿಂದ ಭಾಗವಾದರೆ ಯಾರೋ 54ನ್ನು 45 ಎಂದು ಬರೆದಿರಬಹುದು ಎಂದು ಅಲ್ಲಿಗೇ ಕೈ ಹಾಕುತ್ತೇವೆ. ಮತ್ತೆ ನೀಟ್ ಬರೆಯಲೆಂದು ಕೋಚಿಂಗಿಗೆ ಹೊರಡುವಾಗ ನೀನು "ಎಲ್ಲವನ್ನೂ ಮೊದಲಿನಿಂದ ಓದುತ್ತೇನಮ್ಮ" ಎಂದೆ. ನನಗೆ ಆ ಮಾತೇ ಹಿಡಿಸಲಿಲ್ಲ. ನೀಟ್ ಬರೆದವರಿಗೆ ಪ್ರಶ್ನೆಪತ್ರಿಕೆ ಮನೆಗೆ ಕೊಡುತ್ತಾರೆ, ಉತ್ತರ ಗುರುತಿಸಿದ ಒಎಂಆರ್ ಹಾಳೆಯ ಚಿತ್ರ ಮೇಲ್‌ಗೆ ಬರುತ್ತದೆ, ಸರಿ ಉತ್ತರಗಳೂ ಪ್ರಕಟವಾಗುತ್ತವೆ. ಇಷ್ಟು ದಾಖಲೆ ಕೈಯಲ್ಲಿರುವಾಗ ಕುರುಡಾಗಿ ಮೊದಲಿನಿಂದ ಏಕೆ ಓದಬೇಕು?

ಹಾಗಾಗಿ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಹಿಂದಿನ ಬೀದಿಯ ನಿವೃತ್ತ ಉಪನ್ಯಾಸಕರು ಜೊತೆಗೂಡಿದರು. ಜೀವಶಾಸ್ತ್ರದಲ್ಲಿ 90ಕ್ಕೆ 78 ಸರಿ, 8 ತಪ್ಪು. ರಸಾಯನಶಾಸ್ತ್ರದಲ್ಲಿ 45ಕ್ಕೆ 22 ಸರಿ, 18 ತಪ್ಪು. ಭೌತಶಾಸ್ತ್ರದಲ್ಲಿ 14 ಸರಿ, 24 ತಪ್ಪು. ಉಳಿದ 16 ಪ್ರಶ್ನೆಗಳನ್ನು ನೀನು ಮುಟ್ಟಿಲ್ಲ. ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದು: 456ರಲ್ಲಿ 50 ಕಳೆದು 406.

"ನೆಗೆಟಿವ್ ನನ್ನನ್ನು ಮುಳುಗಿಸಿತು, ಊಹೆ ಮಾಡಲೇಬಾರದಿತ್ತು" ಎಂದು ಅತ್ತೆಯಲ್ಲ, ಅದು ಸುಳ್ಳು. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೂ ಸರಾಸರಿಯಲ್ಲಿ ನಾಲ್ಕಕ್ಕೊಂದು ಸರಿಯಾಗುತ್ತದೆ: ನಾಲ್ಕು ಬಂದು ಮೂರು ಹೋಗುತ್ತದೆ. ನಷ್ಟವಿಲ್ಲ. ಎರಡು ಆಯ್ಕೆ ಖಂಡಿತ ಅಲ್ಲವೆಂದು ತಿಳಿದಿದ್ದರೆ ಊಹೆ ಲಾಭದ ಕಡೆಗೇ ಇರುತ್ತದೆ. ಭೌತಶಾಸ್ತ್ರದಲ್ಲಿ ನೀನು ಕುರುಡಾಗಿ ಹಾಕಿದ್ದು 21, ಅದರಲ್ಲಿ 6 ಸರಿಯಾಗಿವೆ. 24 ಬಂತು, 15 ಹೋಯಿತು. ಊಹೆಯಿಂದ ನಿನಗೆ ಒಂಬತ್ತು ಅಂಕ ಸಿಕ್ಕಿದೆ! ಕೇಳಬೇಕಾದದ್ದು ಬೇರೆಯೇ ಇದೆ: 45 ಪ್ರಶ್ನೆಗಳಲ್ಲಿ 21ನ್ನು ಊಹಿಸುವ ಸ್ಥಿತಿ ಏಕೆ ಬಂತು?

ಅದಕ್ಕೆ ಉತ್ತರ ಜೆರಾಕ್ಸಿನಲ್ಲೇ ಇದೆ. ರಾಟೆಯ ಮೇಲೆ ಎರಡು ತೂಕ ತೂಗುವ ಪ್ರಶ್ನೆ ಇರುವ ಪುಟವನ್ನು ನೋಡು. ಒಮ್ಮೆ ಬಿಡಿಸಿ ಹೊಡೆದು ಹಾಕಿದ್ದೀಯ, ಕೆಳಗೆ ಮತ್ತೆ ಬಿಡಿಸಿದ್ದೀಯ, ಆಮೇಲೆ ಪುಟದ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮೂರನೆಯ ಸಲ. ಕೊನೆಗೂ ಉತ್ತರ ತಪ್ಪು. ಅಲ್ಲಿಂದ ಮುಂದಿನ ಎರಡು ಪುಟಗಳಲ್ಲಿ ಪೆನ್ನಿನ ಒಂದು ಗೀರೂ ಇಲ್ಲ, ಅಲ್ಲಿಯ ಪ್ರಶ್ನೆಗಳೆಲ್ಲ ಊಹೆ. ಅವುಗಳಲ್ಲಿ ನಾಲ್ಕನ್ನು ನೀನು ಪಿಯುಸಿಯಲ್ಲೇ ಸಲೀಸಾಗಿ ಬಿಡಿಸುತ್ತಿದ್ದೆ ಎಂದರು ಉಪನ್ಯಾಸಕರು. ಹಿಂದೆ ಪ್ರತಿ ವಿಷಯದ ಬಿ ವಿಭಾಗದಲ್ಲಿ 15 ಪ್ರಶ್ನೆಗಳಲ್ಲಿ 10ನ್ನು ಆರಿಸಿಕೊಳ್ಳಬಹುದಿತ್ತು, ಸಮಯವೂ 200 ನಿಮಿಷ ಇತ್ತು. ಈ ವರ್ಷದಿಂದ 180 ಪ್ರಶ್ನೆಗೆ 180 ನಿಮಿಷ, ಎಲ್ಲವೂ ಕಡ್ಡಾಯ. ಒಂದು ರಾಟೆಗೆ ಹತ್ತು ನಿಮಿಷ ಕೊಡುವ ಔದಾರ್ಯ ಈಗ ನಡೆಯುವುದಿಲ್ಲ. ಎರಡು ನಿಮಿಷ ದಾಟಿದರೆ ಪಕ್ಕದಲ್ಲಿ ಗುರುತು ಹಾಕಿ ಮುಂದೆ ಹೋಗುವುದನ್ನು ಪ್ರತಿ ಮಾಕ್ ಟೆಸ್ಟಿನಲ್ಲೂ ಮಾಡು. ನಿನ್ನ ಹಟ ನನಗೆ ಗೊತ್ತು (ನಿನ್ನ ಅಪ್ಪನಿಂದ ಬಂದದ್ದು), ಬಿಡುವುದನ್ನೂ ಅಭ್ಯಾಸವೇ ಮಾಡಬೇಕಾಗುತ್ತದೆ.

ಐವತ್ತು ತಪ್ಪುಗಳನ್ನು ನಾಲ್ಕು ಬಣ್ಣದಲ್ಲಿ ಗುರುತಿಸಿದ್ದೇನೆ. ಕೆಂಪು 11: ವಿಧಾನ ಸರಿ, ಲೆಕ್ಕ ತಪ್ಪು. ಒಂದು ಕಡೆ ತ್ರಿಜ್ಯ 2 ಸೆಂಟಿಮೀಟರನ್ನು ಮೀಟರಿಗೆ ತಂದು, ವರ್ಗ ಮಾಡುವಾಗ ಎರಡನ್ನು ಮಾತ್ರ ನಾಲ್ಕು ಮಾಡಿದ್ದೀಯ, ಹತ್ತರ ಘಾತ ಮೈನಸ್ ಎರಡಾಗಿಯೇ ಉಳಿದಿದೆ. ಮೈನಸ್ ನಾಲ್ಕಾಗಬೇಕಿತ್ತು. ಪ್ರಶ್ನೆ ತೆಗೆಯುವವರಿಗೆ ಮಕ್ಕಳು ಎಲ್ಲಿ ಜಾರುತ್ತಾರೆಂಬುದು ಚೆನ್ನಾಗಿ ಗೊತ್ತು. ನಿನ್ನ ತಪ್ಪು ಉತ್ತರವೇ ಅಲ್ಲಿ ಎರಡನೆಯ ಆಯ್ಕೆಯಾಗಿ ಕಾದು ಕೂತಿತ್ತು. ಹಸಿರು 7: ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದು. ಯಾವ ಹೇಳಿಕೆ ಸರಿಯಲ್ಲ ಎಂದು ಕೇಳಿದರೆ ಸರಿಯಾದದ್ದನ್ನು ಹುಡುಕಿ ಗುರುತಿಸಿದ್ದೀಯ. ಜೀವಶಾಸ್ತ್ರದ ಎಂಟು ತಪ್ಪುಗಳಲ್ಲಿ ಐದು ಇಂಥವೇ ಎಂದರೆ ನಂಬುತ್ತೀಯಾ? "ನಾಟ್" ಕಂಡಲ್ಲೆಲ್ಲ ಪೆನ್ನಿನಿಂದ ವೃತ್ತ ಹಾಕು, ಆಮೇಲೆ ಆಯ್ಕೆಗಳನ್ನು ನೋಡು. ನೀಲಿ 13: ಹಿಂದೆ ಓದಿ ಮರೆತದ್ದು. ಹತ್ತು ರಸಾಯನಶಾಸ್ತ್ರದವು. ಡಿ ಬ್ಲಾಕ್, ಕೋಆರ್ಡಿನೇಷನ್ ಸಂಯುಕ್ತಗಳು, ಎಲ್ಲ ಎನ್‌ಸಿಇಆರ್‌ಟಿ ಪುಸ್ತಕದ ಸಾಲುಗಳೇ. ನೀನು ಆ ಪುಟಗಳಿಗೆಲ್ಲ ಹಳದಿ ಬಳಿದಿದ್ದೀಯ, ಬಳಿದ ಮೇಲೆ ತಿಳಿಯಿತೆಂದು ಮುಂದೆ ಹೋಗಿದ್ದೀಯ. ಇನ್ನು ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಬರೆ. ಬರೆಯಲಾಗದ್ದನ್ನು ಮಾತ್ರ ತೆರೆದು ನೋಡು. ಮೂರು ದಿನ ಬಿಟ್ಟು ಮತ್ತೆ ಬರೆ. ಕಪ್ಪು 19: ನಿಜವಾಗಿ ಗೊತ್ತಿರದವು ಅಥವಾ ಓದಿ ನೋಡಲು ಹೊತ್ತೇ ಇರದವು.

ಒಂದು ತಪ್ಪು ಸರಿಯಾದರೆ ಸಿಗುವುದು ನಾಲ್ಕಲ್ಲ, ಐದು: ಕಳೆದುಕೊಂಡ ಒಂದೂ ವಾಪಸು ಬರುತ್ತದೆ. ಕೆಂಪು, ಹಸಿರು ಸೇರಿ 18 ಪ್ರಶ್ನೆಗೆ 90 ಅಂಕ. ಹೊಸದಾಗಿ ಒಂದಕ್ಷರ ಕಲಿಯದೆ 496. ನೀಲಿಯ 65 ಕೂಡಿದರೆ 561. ಇಷ್ಟೂ ಬಂದೇ ಬರುತ್ತದೆಂದು ನಾನು ಹೇಳುವುದಿಲ್ಲ, ಬೇರೆ ಪ್ರಶ್ನೆಪತ್ರಿಕೆಯಲ್ಲಿ ಬೇರೆ ತಪ್ಪುಗಳು ಹುಟ್ಟುತ್ತವೆ. ಅರ್ಧ ಬಂದರೂ 480 ದಾಟುತ್ತೀಯ, ಅದರ ಮೇಲೆ ಹೊಸ ಕಲಿಕೆ. ಕೋಚಿಂಗಿನವರು ಕೊಡುವ ದಪ್ಪ ಮಾಡ್ಯೂಲುಗಳು ಕಪ್ಪು ಪಟ್ಟಿಗೆ ಮಾತ್ರ ಮದ್ದು. ಲಾಂಗ್ ಟರ್ಮ್ ಬ್ಯಾಚಿನ ಇನ್ನೂರು ಮಕ್ಕಳಿಗೂ ಒಂದೇ ವೇಳಾಪಟ್ಟಿ, ನಿನ್ನ ಕೆಂಪು ಹಸಿರು ಅವರಿಗೆ ಕಾಣುವುದಿಲ್ಲ. ಬಣ್ಣ ಹಚ್ಚಿದ್ದರಲ್ಲಿ ನಮ್ಮ ಅಂದಾಜೂ ಸ್ವಲ್ಪ ಇದೆ, ಒಂದೊಂದನ್ನೂ ನೋಡಿ ನೀನೇ ತಿದ್ದು.

ಇನ್ನೊಂದು ಸಣ್ಣ ಸಂಗತಿ. ನಿಮ್ಮ ಮಾಕ್ ಟೆಸ್ಟುಗಳು ಬೆಳಿಗ್ಗೆ ನಡೆಯುತ್ತವೆ ಎಂದೆ. ನೀಟ್ ನಡೆಯುವುದು ಮೇ ತಿಂಗಳ ಬಿಸಿಲಿನಲ್ಲಿ, ಮಧ್ಯಾಹ್ನ ಎರಡರಿಂದ ಐದು. ಊಟದ ಮೇಲೆ ನಿನಗೆ ಕಣ್ಣು ಎಳೆಯುವುದು ಒಂದನೇ ತರಗತಿಯಿಂದಲೂ ಇದ್ದದ್ದೇ. ತಿಂಗಳಿಗೆ ಎರಡು ಸಲವಾದರೂ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಎರಡು ಗಂಟೆಗೆ ಹಿಡಿದು, ಒಎಂಆರ್ ತುಂಬುವುದೂ ಸೇರಿ ಐದಕ್ಕೆ ಮುಗಿಸು. ಅಂದು ಮೊಸರನ್ನ ಬೇಡ.

ಸಿಇಟಿಗೂ ಅರ್ಜಿ ಹಾಕುತ್ತೇನೆ. ಅಲ್ಲಿ ನೆಗೆಟಿವ್ ಅಂಕವಿಲ್ಲ, ನಮ್ಮ ರಾಜ್ಯದ ಪಶುವೈದ್ಯಕೀಯ ಸೀಟುಗಳಲ್ಲಿ ಹೆಚ್ಚಿನವು ಆ ದಾರಿಯಿಂದ ಸಿಗುತ್ತವೆ. ನೀಟ್ ಕೈಕೊಟ್ಟರೆ ಇರಲಿ ಎನ್ನುವ ಹಂಚಿಕೆ ಇದಲ್ಲ. ಕೊಟ್ಟಿಗೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡ ರಾತ್ರಿ ಡಾಕ್ಟರ ಪಕ್ಕದಲ್ಲಿ ಟಾರ್ಚ್ ಹಿಡಿದು ಬೆಳಗಾಗುವವರೆಗೆ ನಿಂತವಳು ನೀನು, ನಾವ್ಯಾರೂ ಅಲ್ಲ. ಯಾವುದು ಬೇಕೆಂದು ಆಮೇಲೆ ನೀನೇ ತೀರ್ಮಾನಿಸು. ಮೂರನೆಯ ಸಲ ನೀಟ್ ಬರೆಯುವ ಮಾತನ್ನು ಮಾತ್ರ ನಾನು ಈಗ ಎತ್ತುವುದಿಲ್ಲ, ನೀನೂ ಎತ್ತಬೇಡ.

ಭಾನುವಾರ ಫೋನ್ ಮಾಡುವ ಮುಂಚೆ ಕೆಂಪಿನ ಹನ್ನೊಂದನ್ನೂ ಮತ್ತೆ ಬಿಡಿಸಿರು. ಎಷ್ಟು ಸರಿಯಾದವು, ಎಷ್ಟು ಹೊತ್ತು ಹಿಡಿಯಿತು ಎಂದಷ್ಟೇ ಹೇಳು, ಉಳಿದದ್ದನ್ನು ನಿನ್ನ ಅಪ್ಪ ಮಾತಾಡಲಿ. ಅವರು ಮುಂದಿನ ವಾರ ಆ ಕಡೆ ಬರುತ್ತಾರೆ. ಚಟ್ನಿಪುಡಿ, ಇನ್ನೊಂದು ಹೊದಿಕೆ ಕಳಿಸುತ್ತೇನೆ. ಮತ್ತೇನಾದರೂ ಬೇಕಿದ್ದರೆ ಅವತ್ತೇ ತಿಳಿಸು.

ನಿನ್ನ
ಅಮ್ಮ