ಹೊಸ ಸೈಕಲ್ ಕೊಳ್ಳುವವರ ಗಮನಕ್ಕೆ

ಗೆಳೆಯರೇ, ಬರೀ ಬೆಲೆ ನೋಡಿ ಸೈಕಲ್ ಅಂಗಡಿ ಆರಿಸಬೇಡಿ. ಹೊಸ ಸೈಕಲ್ಲಿನ ಬ್ರೇಕ್, ಗೇರ್ ಕೇಬಲ್‌ಗಳು ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಸಡಿಲವಾಗುತ್ತವೆ, ಚಕ್ರದ ಕಡ್ಡಿಗಳೂ ಅಷ್ಟೇ. ಮತ್ತೆ ಬಿಗಿ ಮಾಡಿಸಲೇಬೇಕು. ಮೊದಲ ಸರ್ವೀಸ್ ಉಚಿತವೇ, ಅದರಲ್ಲಿ ಚಕ್ರದ ಬೆಂಡ್ ತೆಗೆಯುವುದೂ ಸೇರಿದೆಯೇ ಅಂತ ದುಡ್ಡು ಕೊಡುವ ಮೊದಲೇ ಕೇಳಿ.

ನಿಮ್ಮ ಎತ್ತರ ಕೇಳದೆ, ಸ್ಟಾಕ್‌ನಲ್ಲಿರುವ ಸೈಜನ್ನೇ ಸಾಗಹಾಕಲು ನೋಡುವವರು ಎಷ್ಟು ಡಿಸ್ಕೌಂಟ್ ಕೊಟ್ಟರೂ ಬೇಡ. ಚೈನ್ ಬದಲಿಸಬೇಕು ಅಂತ ಸುಮ್ನೆ ಹೇಳದೆ, ಚೈನ್ ಎಷ್ಟು ಸವೆದಿದೆ ಅಂತ ಅಳೆಯುವ ಗೇಜ್ ಇಟ್ಟು ‘ನೋಡಿ, ಸವೆತ 0.75% ದಾಟಿದೆ’ ಅಂತ ತೋರಿಸುವ ಮೆಕ್ಯಾನಿಕ್ ಸಿಕ್ಕರೆ ನಾಲ್ಕು ಕಾಸು ಜಾಸ್ತಿ ಹೋದರೂ ಬಿಡಬೇಡಿ. (ಅಂಥವರು ಕಡಿಮೆ, ಅಲ್ವಾ?)

ಯಾರಾದರೂ ಅಂಗಡಿ ಹೆಸರು ಹಾಕುವುದಾದರೆ, ಸರ್ವೀಸ್ ಹೇಗಿತ್ತು ಅಂತಲೂ ಎರಡು ಸಾಲು ಬರೆಯಿರಿ.